ಆಸ್ಪತ್ರೆ ಬಾಗಿಲಲ್ಲಿ ಪರವೂರವರು ಯಾರು? ಕಾರವಾರದಿಂದ ಮುಂಡಗೋಡದವರೆಗೆ

[ದೃಶ್ಯ: ಬಾಗಿಲ ಹಿಂದಿನ ಮೊಳೆಗೆ ನೇತು ಹಾಕಿದ ಪ್ಲಾಸ್ಟಿಕ್ ಕೊಟ್ಟೆ. ಒಂದು ಕೈ ಅದನ್ನು ಇಳಿಸಿ ಮೇಜಿನ ಮೇಲೆ ಸುರಿಯುತ್ತದೆ.]

ಇದು ನಮ್ಮನೆ ಆಸ್ಪತ್ರೆ ಕೊಟ್ಟೆ. ಕಾರವಾರ, ಅಂಕೋಲೆ ಕಡೆ ಇಂಥದ್ದೊಂದು ಇಲ್ಲದ ಮನೆ ಕಮ್ಮಿ. ಒಳಗೆ ಎಂತ ಇದೆ ನೋಡಿ. ಅಪ್ಪನ ಎಕ್ಸ್‌ರೇ. ಇಸಿಜಿ ಪಟ್ಟಿ, ಗೆರೆಯೆಲ್ಲಾ ಮಾಸಿ ಹೋಗಿ ಬರೀ ಗುಲಾಬಿ ಕಾಗದ ಉಳಿದಿದೆ. ಆಧಾರ್ ಝೆರಾಕ್ಸ್ ನಾಲ್ಕು. ರೇಷನ್ ಕಾರ್ಡ್ ಝೆರಾಕ್ಸ್ ಮೂರು. ಕಾಯಿಲೆ ಎಂಥದ್ದು ಅಂತ ಹೇಳೋ ಕಾಗದಕ್ಕಿಂತ ನಾವು ಎಲ್ಲಿಯವರು ಅಂತ ಹೇಳೋ ಕಾಗದವೇ ಜಾಸ್ತಿ.

ಇವತ್ತಿನ ವಿಷಯ ನಿರಾಶ್ರಿತರ ರಕ್ಷಣೆ. ಸಂಸದ ಶಶಿ ತರೂರ್ ಸಂಸತ್ತಿನಲ್ಲಿ ಎರಡು ಸಲ ಮಂಡಿಸಿದ ಒಂದು ಮಸೂದೆ. ಅದಕ್ಕೂ ಈ ಕೊಟ್ಟೆಗೂ ಎಂತ ಸಂಬಂಧ ಅಂತೀರಾ? ಇದೆ. ಆದ್ರೆ ಮೊದಲು ಮಾಜಾಳಿಯಲ್ಲಿ ಗೋವಾ ಗಡಿ ದಾಟಿ ಬರಬೇಕು.

[ದೃಶ್ಯ: ನಕಾಶೆ. ಕಾರವಾರದಿಂದ ಪೋಳೆಂ, ಕಾಣಕೋಣ, ಮಡಗಾಂವ್ ಮೇಲೆ ಬಾಂಬೋಳಿವರೆಗೆ ಗೆರೆ.]

ಕಾರವಾರದಲ್ಲಿ 2016ರಿಂದ ಸರಕಾರಿ ಮೆಡಿಕಲ್ ಕಾಲೇಜಿದೆ. ಆದರೂ ತಲೆಗೆ ಪೆಟ್ಟು, ಎದೆನೋವು ಅಂದ ಕೂಡಲೇ ನಮ್ಮ ಉತ್ತರ ಕನ್ನಡ ಜಿಲ್ಲೆ ನಾಲ್ಕು ದಿಕ್ಕಿಗೆ ಓಡ್ತದೆ. ಭಟ್ಕಳ, ಹೊನ್ನಾವರದವರು ಮಣಿಪಾಲಕ್ಕೆ. ಮುಂಡಗೋಡ, ಹಳಿಯಾಳದವರು ಹುಬ್ಬಳ್ಳಿಗೆ. ನಾವು ಬಾಂಬೋಳಿಗೆ, ಗೋವಾ ಮೆಡಿಕಲ್ ಕಾಲೇಜಿಗೆ. ಅಲ್ಲಿ ವರ್ಷಗಟ್ಟಲೆ ನಮ್ಮವರಿಗೂ ಹೆಚ್ಚುಕಮ್ಮಿ ಪುಕ್ಕಟೆ ಚಿಕಿತ್ಸೆ ಸಿಗ್ತಿತ್ತು. 2018ರ ಜನವರಿಯಿಂದ ಗೋವಾ ಸರಕಾರ ಹೊರರಾಜ್ಯದ ರೋಗಿಗಳಿಗೆ ಶುಲ್ಕ ಹಾಕ್ತು. ಆಗಿನ ಆರೋಗ್ಯ ಮಂತ್ರಿ ವಿಶ್ವಜಿತ್ ರಾಣೆ ಅವರ ವಾದ ಸರಳ: ಹಾಸಿಗೆ, ಔಷಧ, ದುಡ್ಡು ಎಲ್ಲಾ ಗೋವಾದ್ದು, ಮೊದಲು ಗೋವಾದವರಿಗೆ. ಕಾರವಾರದಲ್ಲಿ ಸಿಟ್ಟೆದ್ದಿತು. ಆ ಕಡೆ ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಎದ್ದಿತು.

ಅವತ್ತು ನಾವು ಏನಂತ ಕೂಗಿದ್ವಿ ನೆನಪಿದೆಯಾ? "ರೋಗಿಗೆ ರಾಜ್ಯ ಯಾವುದು?" ಅಂತ. ಈ ಪ್ರಶ್ನೆ ಜೋಪಾನ ಇಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

[ದೃಶ್ಯ: ಸಂಸತ್ ಭವನ. ಪರದೆಯ ಮೇಲೆ: 2015, 2022.]

ಈಗ ತರೂರ್ ಮಸೂದೆ. 2015ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಆಶ್ರಯ ಮಸೂದೆ ಮಂಡಿಸಿದ್ರು, 2022ರಲ್ಲಿ ತಿದ್ದಿ ಮತ್ತೆ ತಂದ್ರು. ಅದರ ಜೀವಾಳ ಒಂದು: ಜೀವಕ್ಕೆ ಅಪಾಯ ಇರೋ ಕಡೆಗೆ ಯಾರನ್ನೂ ವಾಪಸ್ ಅಟ್ಟಬಾರದು. ಆಶ್ರಯ ಕೇಳಿ ಬಂದವರ ಅರ್ಜಿಯನ್ನು ಗೊತ್ತಾದ ನಿಯಮದ ಪ್ರಕಾರ ತೀರ್ಮಾನಿಸಬೇಕು. ನಿರಾಶ್ರಿತ ಅಂತ ಒಪ್ಪಿಕೊಂಡ ಮೇಲೆ ದುಡಿದು ತಿನ್ನೋದಕ್ಕೆ ಬಿಡಬೇಕು, ಮೂಲಭೂತ ಸಾರ್ವಜನಿಕ ಸೇವೆಗಳ ಬಾಗಿಲು ಅವರಿಗೂ ತೆರೆದಿರಬೇಕು. ನಮ್ಮ ಕೊಟ್ಟೆ ಒಳಗೆ ಬರೋದು ಈ ಕೊನೆಯ ಮಾತಿನ ಮೂಲಕ.

ಇದೇನು ಕಾಂಗ್ರೆಸ್ಸಿನ ಒಬ್ಬರ ಹಂಬಲ ಮಾತ್ರ ಅಂದುಕೊಳ್ಳಬೇಡಿ. ಅದೇ 2015ರಲ್ಲಿ ಬಿಜೆಪಿಯ ವರುಣ್ ಗಾಂಧಿ, ಒಡಿಶಾದ ಬಿಜೆಡಿ ಪಕ್ಷದ ರವೀಂದ್ರ ಕುಮಾರ್ ಜೆನಾ ಕೂಡ ಇದೇ ವಿಷಯಕ್ಕೆ ತಮ್ಮ ತಮ್ಮ ಮಸೂದೆ ತಂದಿದ್ರು. ಮೂರೂ ಅಲ್ಲೇ ನಿಂತ್ವು. ಖಾಸಗಿ ಸದಸ್ಯರ ಮಸೂದೆ ಅಂದ್ರೆ ಮಂತ್ರಿ ಅಲ್ಲದವರು ತರೋದು. ಶುಕ್ರವಾರ ಮಧ್ಯಾಹ್ನದ ಮೇಲೆ ಅದರ ಸರದಿ. ಸ್ವಾತಂತ್ರ್ಯ ಬಂದ ಮೇಲೆ ಅಂಥ 14 ಮಸೂದೆ ಮಾತ್ರ ಕಾನೂನಾಗಿವೆ. ಕೊನೆಯದು 1970ರಲ್ಲಿ!

ಸರಕಾರದ ಕಡೆಯ ವಾದವೂ ಪೊಳ್ಳಲ್ಲ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಗಡಿ ಉದ್ದ ಇದೆ, ನೆರೆಹೊರೆ ಸುಖದಲ್ಲಿಲ್ಲ. ಯಾರನ್ನು ಇಟ್ಟುಕೊಳ್ಳೋದು, ಯಾರನ್ನು ಕಳಿಸೋದು ಅನ್ನೋದು ತನ್ನ ಕೈಯಲ್ಲೇ ಇರಲಿ ಅಂತ ಯಾವ ಪಕ್ಷದ ಸರಕಾರಕ್ಕೂ ಅನಿಸ್ತದೆ. 1946ರ ವಿದೇಶಿಯರ ಕಾಯಿದೆ ಹೋಗಿ 2025ರಲ್ಲಿ ಹೊಸ ಕಾಯಿದೆ ಬಂತು. ಅದರಲ್ಲೂ 'ನಿರಾಶ್ರಿತ' ಅಂದ್ರೆ ಯಾರು ಅನ್ನೋ ವ್ಯಾಖ್ಯೆ ಇಲ್ಲ.

ಹಾಗಾದ್ರೆ ಇಂಥವರಿಗೆ ಈಗ ಏನೂ ರಕ್ಷಣೆ ಇಲ್ವಾ? ಇದೆ, ಸಂವಿಧಾನದ 21ನೇ ವಿಧಿಯಲ್ಲಿದೆ. ಜೀವದ ಹಕ್ಕು ಹೇಳುವಾಗ ಅದು 'ನಾಗರಿಕ' ಅನ್ನೋದಿಲ್ಲ, 'ವ್ಯಕ್ತಿ' ಅನ್ನುತ್ತೆ. 1996ರಲ್ಲಿ ಸುಪ್ರೀಂ ಕೋರ್ಟು ಈ ಒಂದೇ ವಿಧಿ ಹಿಡಿದು ಎರಡು ತೀರ್ಪು ಕೊಟ್ಟಿತು. ಜನವರಿಯದ್ದು ಆಗಿನ ಪೂರ್ವ ಪಾಕಿಸ್ತಾನದಿಂದ ಬಂದು ಅರುಣಾಚಲ ಪ್ರದೇಶದಲ್ಲಿ ನೆಲೆಸಿದ ಚಕ್ಮಾ ಜನರ ಪ್ರಕರಣ: ಅವರನ್ನು ಬಲವಂತವಾಗಿ ಓಡಿಸೋ ಹಾಗಿಲ್ಲ, ಜೀವ ಕಾಯೋದು ರಾಜ್ಯದ ಹೊಣೆ. ಮೇ ತಿಂಗಳದ್ದು ಪಶ್ಚಿಮ ಬಂಗಾಳದ್ದು. ಒಬ್ಬ ಕೃಷಿ ಕೂಲಿ 1992ರಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಒಂದಾದ ಮೇಲೊಂದು ಸರಕಾರಿ ಆಸ್ಪತ್ರೆಗೆ ಸುತ್ತಿಸಿದ್ರೂ ಹಾಸಿಗೆ ಇಲ್ಲ, ಸೌಲಭ್ಯ ಇಲ್ಲ. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಉಳಿದುಕೊಂಡ. ತುರ್ತು ಚಿಕಿತ್ಸೆ ಕೊಡದೇ ಹೋದ್ರೆ ಅದು 21ನೇ ವಿಧಿಯ ಉಲ್ಲಂಘನೆ ಅಂತ ಹೇಳಿ ಕೋರ್ಟು ಅವನಿಗೆ 25,000 ರೂಪಾಯಿ ಪರಿಹಾರ ಕೊಡಿಸ್ತು.

ಗಡಿ ದಾಟಿ ಬಂದವರ ತೀರ್ಪು, ಆಸ್ಪತ್ರೆ ಅಲೆದವನ ತೀರ್ಪು. ಎರಡಕ್ಕೂ ಬೇರು ಒಂದೇ. ಇದನ್ನ ಓದಿದ ದಿನ ನನಗೆ ಬಾಂಬೋಳಿ ನೆನಪಾಯ್ತು.

[ದೃಶ್ಯ: ಮುಂಡಗೋಡ. ಭತ್ತದ ಗದ್ದೆ, ಆಚೆ ಬೌದ್ಧ ವಿಹಾರದ ಬಂಗಾರದ ಬಣ್ಣದ ಮಾಡು.]

ದೂರ ಯಾಕೆ, ನಮ್ಮ ಜಿಲ್ಲೆಯಲ್ಲೇ ಮುಂಡಗೋಡ ಇದೆ. 1966ರಿಂದ ನಿರಾಶ್ರಿತರಾಗಿ ಬಂದ ಟಿಬೆಟನ್ನರು ಅಲ್ಲಿದ್ದಾರೆ. ಕಾಡು ಕಡಿದು ಜೋಳ ಬೆಳೆದ ಮೊದಲ ತಲೆಮಾರು ಹೋಗಿ ಮೊಮ್ಮಕ್ಕಳು ಕನ್ನಡ ಮಾತಾಡ್ತಾರೆ. ಗಾಂದೆನ್, ಡ್ರೆಪುಂಗ್ ಅನ್ನೋ ಎರಡು ದೊಡ್ಡ ವಿಹಾರಗಳಿವೆ. ನಾವು ಮೊಮೊ ತಿಂದು, ಸ್ವೆಟರ್ ತಗೊಂಡು, ಫೋಟೋ ಹೊಡ್ಕೊಂಡು ಬರ್ತೇವೆ.

ಅವರ ಮನೆಯಲ್ಲೂ ಕಾಗದದ ಕೊಟ್ಟೆ ಇರ್ತದೆ. ಅದರಲ್ಲಿ ಇಲ್ಲಿ ವಾಸ ಇರೋದಕ್ಕೆ ಸರಕಾರ ಕೊಡೋ ನೋಂದಣಿ ಪ್ರಮಾಣಪತ್ರ. ಅವರು 'ಆರ್‌ಸಿ' ಅಂತಾರೆ, ನಮಗೆ ಕೇಳಿದ್ರೆ ಬೈಕಿನದ್ದು ಅನಿಸ್ತದೆ. ಅವಧಿ ಮುಗಿದ ಹಾಗೆ ನವೀಕರಿಸ್ತಾ ಇರಬೇಕು, ಇಲ್ಲೇ ಹುಟ್ಟಿದವರೂ. ಆಧಾರ್ ಅವರಿಗೂ ಸಿಗ್ತದೆ, ಯಾಕಂದ್ರೆ ಆಧಾರ್ ಪೌರತ್ವದ ಕಾಗದ ಅಲ್ಲ. ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ವಾಸ ಇದ್ರೆ ಸಾಕು. ಕೇಂದ್ರ ಸರಕಾರದ 2014ರ ಟಿಬೆಟನ್ ಪುನರ್ವಸತಿ ನೀತಿ ರೇಷನ್, ಉದ್ಯೋಗ ಖಾತ್ರಿಯಂಥ ಯೋಜನೆಗಳನ್ನು ಅವರಿಗೂ ವಿಸ್ತರಿಸಿ ಅಂತ ರಾಜ್ಯಗಳಿಗೆ ಹೇಳ್ತದೆ. ನೀತಿ ಅಷ್ಟೇ, ಕಾನೂನಲ್ಲ.

ಇನ್ನೊಂದು ತಮಾಷೆ. ಟಿಬೆಟನ್ನರ ವೈದ್ಯ ಪದ್ಧತಿ ಸೋವಾ ರಿಗ್ಪಾ. 2010ರಲ್ಲಿ ನಮ್ಮ ಸಂಸತ್ತು ಕಾನೂನು ತಿದ್ದಿ ಅದಕ್ಕೆ ಆಯುರ್ವೇದ, ಯುನಾನಿಗಳ ಸಾಲಿನಲ್ಲಿ ಜಾಗ ಕೊಟ್ಟಿತು. ಮದ್ದಿಗೆ ಕಾನೂನಿನಲ್ಲಿ ಹೆಸರು ಬಂತು. ಮದ್ದು ಹೊತ್ತು ತಂದವರಿಗೆ ಇನ್ನೂ ಇಲ್ಲ.

ಈಗ ನಮ್ಮ ಜನಪ್ರತಿನಿಧಿಗಳ ಹತ್ತಿರ ಹೋಗುವಾ. ಆಸ್ಪತ್ರೆ, ಸಾರ್ವಜನಿಕ ಆರೋಗ್ಯ ಸಂವಿಧಾನದ ರಾಜ್ಯ ಪಟ್ಟಿಯ 6ನೇ ಬಾಬತ್ತು. ಪೌರತ್ವ, ವಿದೇಶಿಯರು ಕೇಂದ್ರ ಪಟ್ಟಿಯ 17ನೇ ಬಾಬತ್ತು. ಹಾಗಾಗಿ ನಿರಾಶ್ರಿತರ ಚಿಕಿತ್ಸೆ ವಿಷಯ ಕೇಳಿದ್ರೆ ಶಾಸಕರು ದಿಲ್ಲಿ ತೋರಿಸಬಹುದು, ಸಂಸದರು ಬೆಂಗಳೂರು ತೋರಿಸಬಹುದು. ಇಬ್ಬರೂ ಸುಳ್ಳು ಹೇಳಿದ ಹಾಗಾಗೋದಿಲ್ಲ. ನನ್ನ ಮಟ್ಟಿಗೆ ತರೂರ್ ಮಸೂದೆಯ ಸೊರಗಿದ ಜಾಗ ಇದು. ಸಾರ್ವಜನಿಕ ಸೇವೆ ಅಂತ ದಿಲ್ಲಿಯಲ್ಲಿ ಬರೆದ್ರೂ ಚೀಟಿ ಹರಿದು ಕೊಡೋದು ರಾಜ್ಯದ ಕೌಂಟರಿನಲ್ಲಿ. ನಮ್ಮ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕವನ್ನೇ ತಗೊಳ್ಳಿ: ಬಿಪಿಎಲ್ ಕಾರ್ಡ್ ಇದ್ರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಇಲ್ಲದಿದ್ರೆ ಖರ್ಚಿನ ಶೇ. 30, ಅದೂ ಒಂದೂವರೆ ಲಕ್ಷದ ಮಿತಿಯೊಳಗೆ. ಎಲ್ಲಾ ನಿಂತಿರೋದು ಕಾರ್ಡಿನ ಬಣ್ಣದ ಮೇಲೆ.

"ನಮಗೇ ಆಸ್ಪತ್ರೆ ಇಲ್ಲ, ಅವರ ಚಿಂತೆ ಯಾಕೆ ಮಾರಾಯ" ಅಂತ ನಮ್ಮ ಮಾವ ಈ ಸ್ಕ್ರಿಪ್ಟ್ ಕೇಳಿ ಅಂದ್ರು. ಅವರ ಸಿಟ್ಟು ಸುಳ್ಳಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬ್ಯುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ಕು ಜನ ತೀರಿಕೊಂಡ್ರು. ಗುಡ್ಡ ಕುಸಿದ ನಮ್ಮ ಅಂಕೋಲೆ ಶಿರೂರಲ್ಲ, ಬೈಂದೂರು ಕಡೆಯ ಶಿರೂರು. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅನ್ನೋ ಕೂಗು ಆಮೇಲೆ ಇನ್ನೂ ಜೋರಾಯ್ತು. ಮಾವನಿಗೆ ನಾನು ಹೇಳಿದ್ದು ಇಷ್ಟೇ: ಇದೇ ಮಾತನ್ನು 2018ರಲ್ಲಿ ರಾಣೆ ಹೇಳಿದಾಗ ನೀವು ಏನಂದ್ರಿ? ಮಾವ ಕವಳದ ಸಂಚಿ ಬಿಚ್ಚಿದ್ರು.

ಅದೂ ಅಲ್ಲದೆ ಕಾಯಿಲೆ ಕಾಗದ ನೋಡೋದಿಲ್ಲ. ಒಂದೇ ಕೋಣೆಯಲ್ಲಿ ಹತ್ತಾರು ಜನ ಮಲಗೋ ಕಡೆ, ಅದು ವಿಹಾರ ಆಗಲಿ, ಹಾಸ್ಟೆಲ್ ಆಗಲಿ, ಕ್ಷಯ ಬೇಗ ಹರಡ್ತದೆ. ಅದೇ ಬಸ್ಸು, ಅದೇ ಸಂತೆ ಎಲ್ಲರದ್ದೂ. ಒಬ್ಬ ಮಾತ್ರೆ ಅರ್ಧಕ್ಕೆ ನಿಲ್ಲಿಸಿದ್ರೆ ಔಷಧಕ್ಕೆ ಬಗ್ಗದ ಕ್ಷಯ ಪಕ್ಕದವನಿಗೆ ಬರಬಹುದು.

[ದೃಶ್ಯ: ಮುಂಡಗೋಡದ ಟಿಬೆಟನ್ ಕ್ಯಾಂಪಿನ ರಸ್ತೆ. ಆಸ್ಪತ್ರೆಯ ಫಲಕ.]

ಕ್ಯಾಂಪಿನಲ್ಲಿ ಟಿಬೆಟನ್ನರೇ ನಡೆಸೋ ಆಸ್ಪತ್ರೆ ಇದೆ, ಡೋಗುಲಿಂಗ್ ಆಸ್ಪತ್ರೆ. 2012ರಿಂದ ತಮ್ಮ ಜನರಿಗೆ ತಮ್ಮದೇ ವೈದ್ಯಕೀಯ ವಿಮೆಯನ್ನೂ ಮಾಡಿಕೊಂಡಿದ್ದಾರೆ. ಆ ಆಸ್ಪತ್ರೆಗೆ ಬರೋರು ಬರೀ ಕ್ಯಾಂಪಿನವರಲ್ಲ. ಸುತ್ತಲಿನ ಹಳ್ಳಿಯ ನಮ್ಮವರೂ ಬರ್ತಾರೆ, ಕಂಕುಳಲ್ಲಿ ಇದೇ ಥರದ ಕೊಟ್ಟೆ ಇಟ್ಕೊಂಡು.