ಕನ್ಸೋಲಿನ ಹೆಸರೂ ಹಳೆಯ ಆಟಗಳೂ

ಕೇಳುಗರಿಗೆ ನಮಸ್ಕಾರ.

ವಿಡಿಯೊ ಗೇಮ್ ಆಡುವವರು ನಾಲ್ಕು ಜನ ಸೇರಿದರೆ ಮಾತು ಬಹುಬೇಗ ಒಂದು ಹಳೆಯ ವಾದಕ್ಕೆ ಬಂದು ನಿಲ್ಲುತ್ತದೆ. ನಿಂಟೆಂಡೊ ಮೇಲೋ, ಪ್ಲೇಸ್ಟೇಷನ್ ಮೇಲೋ, ಎಕ್ಸ್‌ಬಾಕ್ಸ್ ಮೇಲೋ ಎಂಬ ಈ ವಾದವನ್ನು ನಾನು ಬಹುಕಾಲದಿಂದ ಕೇಳುತ್ತ, ಅದರಲ್ಲಿ ಭಾಗವಹಿಸುತ್ತ ಬಂದಿದ್ದೇನೆ. ಇಷ್ಟು ವರ್ಷ ಆಡಿದ ಮೇಲೆ ನನಗೆ ಅನ್ನಿಸುವುದೇನೆಂದರೆ, ಒಂದು ಕಂಪನಿಯ ಹೊಸ ಕನ್ಸೋಲ್, ಅಂದರೆ ಆಟದ ಯಂತ್ರ, ಎಷ್ಟು ವೇಗದ್ದು ಎಂಬುದಕ್ಕಿಂತ, ಆ ಕಂಪನಿ ತಾನೇ ಹಿಂದೆ ಮಾರಿದ ಆಟಗಳನ್ನು ಇಂದಿಗೂ ಆಡಲು ಸಿಗುವಂತೆ ಇಟ್ಟಿದೆಯೇ ಎಂಬುದೇ ಹೆಚ್ಚು ಮುಖ್ಯವಾದ ಪ್ರಶ್ನೆ.

ಒಂದು ಕಾಲದಲ್ಲಿ ಹೆಸರಿನ ಮೇಲಿನ ಈ ಅಭಿಮಾನಕ್ಕೆ ಗಟ್ಟಿಯಾದ ಆಧಾರವಿತ್ತು. 1983ರಲ್ಲಿ ಜಪಾನಿನಲ್ಲಿ ಫ್ಯಾಮಿಕಾಮ್ ಎಂದೂ 1985ರಲ್ಲಿ ಅಮೆರಿಕದಲ್ಲಿ ಎನ್‌ಇಎಸ್ ಎಂದೂ ಬಿಡುಗಡೆಯಾದ ನಿಂಟೆಂಡೊ ಯಂತ್ರಕ್ಕೆ ಇದ್ದ ಕೆಲಸದ ಮೆಮೊರಿ ಕೇವಲ 2 ಕಿಲೋಬೈಟ್. ಪರದೆಯ ಒಂದೇ ಅಡ್ಡಗೆರೆಯ ಮೇಲೆ ಚಲಿಸುವ ಚಿತ್ರಗಳು ಎಂಟಕ್ಕಿಂತ ಹೆಚ್ಚಾದರೆ ಒಂಬತ್ತನೆಯದು ಕಾಣಿಸುತ್ತಲೇ ಇರಲಿಲ್ಲ. ಆದ್ದರಿಂದ ಆಟ ಬರೆದವರು ಅವುಗಳನ್ನು ಸರದಿಯ ಮೇಲೆ ತೋರಿಸುತ್ತಿದ್ದರು, ಆಡುವವರ ಕಣ್ಣಿಗೆ ಅವು ಮಿನುಗಿದಂತೆ ಕಾಣುತ್ತಿದ್ದವು. ಸೂಪರ್ ಮಾರಿಯೊ ಬ್ರದರ್ಸ್ ಇಡಿಯಾಗಿ 40 ಕಿಲೋಬೈಟಿನಲ್ಲಿ ಅಡಗಿತ್ತು. ಅದರ ಆಕಾಶದ ಮೋಡವೂ ನೆಲದ ಪೊದೆಯೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಅದಕ್ಕೂ ಹಿಂದಿನ, 1978ರ ಸ್ಪೇಸ್ ಇನ್‌ವೇಡರ್ಸ್ ಆಟದಲ್ಲಿ ಶತ್ರುಗಳು ಕಡಿಮೆಯಾದಂತೆ ಉಳಿದವರ ವೇಗ ಹೆಚ್ಚುತ್ತದೆಯಲ್ಲ, ಅದು ಮೊದಲು ಯೋಜಿಸಿದ್ದೇ ಅಲ್ಲ; ಬಿಡಿಸಬೇಕಾದ ಚಿತ್ರಗಳು ಕಡಿಮೆಯಾದಾಗ ಪ್ರೊಸೆಸರಿನ ಭಾರ ಇಳಿದು ಆಟ ತಾನಾಗಿ ವೇಗಗೊಳ್ಳುತ್ತಿತ್ತು. ಆಟ ರಚಿಸಿದ ತೊಮೊಹಿರೊ ನಿಶಿಕಾಡೊ ಅದನ್ನು ಹಾಗೆಯೇ ಉಳಿಸಿಕೊಂಡರು. ಇಂಥ ಇಕ್ಕಟ್ಟಿನಲ್ಲಿ ಕೆಲಸ ಮಾಡಿದವರ ಜಾಣ್ಮೆಯ ಮುಂದೆ ನಾನು ಇಂದಿಗೂ ತಲೆಬಾಗುತ್ತೇನೆ.

ಜಪಾನಿನ ಇನ್ನೊಂದು ಕಂಪನಿಯಾದ ಸೆಗಾ ಮತ್ತು ನಿಂಟೆಂಡೊಗಳ ನಡುವಿನ ಪೈಪೋಟಿಯನ್ನೂ ಹೀಗೆಯೇ ನೋಡಬೇಕು. ಸೆಗಾದ 1988ರ ಯಂತ್ರ ಮೆಗಾ ಡ್ರೈವ್‌ನಲ್ಲಿ ವೇಗದ ಮೋಟರೋಲಾ ಪ್ರೊಸೆಸರ್ ಇತ್ತು, ನಾದವನ್ನು ತಾನೇ ಹುಟ್ಟಿಸುವ ಯಮಾಹಾ ಚಿಪ್ ಇತ್ತು. ಅದರ ಸಂಗೀತದಲ್ಲಿ ಲೋಹದ ಒರಟುತನವಿತ್ತು. 1990ರ ಸೂಪರ್ ನಿಂಟೆಂಡೊದ ಪ್ರೊಸೆಸರ್ ನಿಧಾನದ್ದು. ಆದರೆ ಅದು ಹಿನ್ನೆಲೆಯ ಚಿತ್ರವನ್ನೇ ತಿರುಗಿಸಿ, ಹಿಗ್ಗಿಸಿ, ಕುಗ್ಗಿಸಿ ತೋರಿಸಬಲ್ಲದಾಗಿತ್ತು, ಮುದ್ರಿಸಿಟ್ಟ ವಾದ್ಯಧ್ವನಿಯ ತುಣುಕುಗಳನ್ನು ನುಡಿಸಬಲ್ಲದಾಗಿತ್ತು. ಕಣ್ಣು ಮುಚ್ಚಿ ಸಂಗೀತ ಕೇಳಿದರೂ ಯಾವ ಯಂತ್ರ ಎಂದು ಹೇಳಬಹುದಾಗಿದ್ದ ಆ ಕಾಲದಲ್ಲಿ ಒಂದನ್ನು ಮೆಚ್ಚಿ ಇನ್ನೊಂದನ್ನು ಬಿಡುವುದು ನಿಜವಾದ ಅಭಿರುಚಿಯ ವಿಷಯವಾಗಿತ್ತು. ನನ್ನ ಒಲವು ಸೂಪರ್ ನಿಂಟೆಂಡೊ ಕಡೆಗೆ. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಸೂಪರ್ ನಿಂಟೆಂಡೊದ ಆ ಧ್ವನಿಯ ಚಿಪ್ ತಯಾರಿಸಿದ್ದು ಸೋನಿ ಎಂಬುದನ್ನು ಹಲವರು ಮರೆಯುತ್ತಾರೆ. ಎರಡೂ ಕಂಪನಿಗಳು ಸೇರಿ ಸಿಡಿ ಬಳಸುವ ಯಂತ್ರವೊಂದನ್ನು ತರಬೇಕಾಗಿತ್ತು. 1991ರಲ್ಲಿ ಸೋನಿ ಅದನ್ನು ಘೋಷಿಸಿದ ಮರುದಿನವೇ ನಿಂಟೆಂಡೊ ತಾನು ಫಿಲಿಪ್ಸ್ ಜೊತೆ ಕೈಜೋಡಿಸಿರುವುದಾಗಿ ಪ್ರಕಟಿಸಿತು. ಸೋನಿ ತನ್ನದೇ ದಾರಿ ಹಿಡಿದು 1994ರಲ್ಲಿ ಸಿಡಿ ಬಳಸುವ ಪ್ಲೇಸ್ಟೇಷನ್ ತಂದಿತು. 1996ರ ನಿಂಟೆಂಡೊ 64 ಯಂತ್ರ ಆಟವನ್ನು ಚಿಪ್‌ನಲ್ಲಿ ತುಂಬಿದ ಪ್ಲಾಸ್ಟಿಕ್ ಡಬ್ಬಿಗೆ, ಅಂದರೆ ಕಾರ್ಟ್ರಿಜ್‌ಗೇ ಅಂಟಿಕೊಂಡಿತು. ಅದರ ಅತಿ ದೊಡ್ಡ ಕಾರ್ಟ್ರಿಜ್ 64 ಮೆಗಾಬೈಟ್ ಹಿಡಿಯುತ್ತಿದ್ದರೆ, ಒಂದು ಸಿಡಿ ಅದರ ಹತ್ತು ಪಟ್ಟು ಹಿಡಿಯುತ್ತಿತ್ತು. ಅಲ್ಲಿಯವರೆಗೆ ನಿಂಟೆಂಡೊ ಯಂತ್ರಗಳಲ್ಲೇ ಬೆಳೆದ ಫೈನಲ್ ಫ್ಯಾಂಟಸಿ ಆಟಗಳ ಸರಣಿ ತನ್ನ ಏಳನೆಯ ಕಂತನ್ನು 1997ರಲ್ಲಿ ಮೂರು ಡಿಸ್ಕ್‌ಗಳಲ್ಲಿ ತುಂಬಿಕೊಂಡು ಪ್ಲೇಸ್ಟೇಷನ್‌ಗೆ ಹೋಯಿತು. ಸೆಗಾ 2001ರಲ್ಲಿ ತನ್ನ ಡ್ರೀಮ್‌ಕ್ಯಾಸ್ಟ್ ಯಂತ್ರದ ತಯಾರಿಕೆಯನ್ನು ನಿಲ್ಲಿಸಿ ಯಂತ್ರಗಳ ವ್ಯಾಪಾರದಿಂದ ಹೊರನಡೆಯಿತು, ಅದರ ಪ್ರಸಿದ್ಧ ಆಟಗಳ ನಾಯಕ ಸಾನಿಕ್ ಅದೇ ವರ್ಷ ನಿಂಟೆಂಡೊ ಯಂತ್ರದ ಮೇಲೆ ಓಡಿತು.

ಇಂದಿನ ಸ್ಥಿತಿ ಬೇರೆ. 2013ರಿಂದ ಈಚೆಗೆ ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸ್ ಎರಡರೊಳಗೂ ಇರುವುದು ಎಎಂಡಿ ಎಂಬ ಒಂದೇ ಕಂಪನಿ ರೂಪಿಸಿದ, ಒಂದೇ ಮನೆತನದ ಚಿಪ್‌ಗಳು. ನಿಂಟೆಂಡೊ ಸ್ವಿಚ್ ಮಾತ್ರ ಕೈಯಲ್ಲೂ ಟಿವಿಯಲ್ಲೂ ಆಡಬಹುದಾದ ಯಂತ್ರವಾಗಿ ತನ್ನ ಬೇರೆತನವನ್ನು ಉಳಿಸಿಕೊಂಡಿದೆ. ಯಂತ್ರಗಳೇ ಇಷ್ಟು ಹತ್ತಿರ ಬಂದಿರುವಾಗ, ಕಂಪನಿಗಳನ್ನು ಅಳೆಯಲು ಹಳೆಯ ಆಟಗಳಿಗಿಂತ ಉತ್ತಮವಾದ ಅಳತೆಗೋಲು ನನಗೆ ಕಾಣುವುದಿಲ್ಲ.

ಈ ವಿಷಯದಲ್ಲಿ ಆತಂಕಕ್ಕೆ ಕಾರಣವಿದೆ. ಅಮೆರಿಕದಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇಕಡ 87ರಷ್ಟು ಇಂದು ಮಾರಾಟದಲ್ಲೇ ಇಲ್ಲ ಎಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರ ಅಧ್ಯಯನದಲ್ಲಿ ತಿಳಿಸಿತು. ಹಳೆಯ ಹಲವು ಕಾರ್ಟ್ರಿಜ್‌ಗಳಲ್ಲಿ ಆಟದ ಪ್ರಗತಿಯನ್ನು ಉಳಿಸಿಡುವ ಸಣ್ಣ ಬ್ಯಾಟರಿ ಇರುತ್ತದೆ. ಅದು ಸತ್ತರೆ ಉಳಿಸಿದ್ದೆಲ್ಲ ಅಳಿಯುತ್ತದೆ. ಸಾನಿಕ್ ಆಟದ ಜಲಪಾತವನ್ನು ಉದ್ದುದ್ದ ಗೆರೆಗಳಿಂದ ಬಿಡಿಸಿದ್ದಾರೆ. ಹಳೆಯ ಪಿಕ್ಚರ್ ಟ್ಯೂಬಿನ ಟಿವಿಯಲ್ಲಿ ಆ ಗೆರೆಗಳು ಒಂದರೊಳಗೊಂದು ಬೆರೆತು ನೀರು ಪಾರದರ್ಶಕವಾಗಿ ಕಾಣುತ್ತಿತ್ತು. ಇಂದಿನ ಪರದೆಯಲ್ಲಿ ಬರೀ ಗೆರೆಗಳು ಕಾಣುತ್ತವೆ. ಹಾಗಾಗಿ ಕಡತವನ್ನು ಉಳಿಸಿದರೆ ಸಾಲದು, ಅದನ್ನು ರಚಿಸಿದವರು ಕಂಡ ಹಾಗೆ ತೋರಿಸುವ ವ್ಯವಸ್ಥೆಯೂ ಬೇಕು. ಈ ಕೆಲಸದಲ್ಲಿ ಹಳೆಯ ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್ ಬರೆದವರ ಪಾಲು ದೊಡ್ಡದು. ಕಂಪನಿಗಳೂ ಅದೇ ತಂತ್ರವನ್ನು ನಂಬಿವೆ: ನಿಂಟೆಂಡೊ 2016ರಲ್ಲಿ 30 ಆಟಗಳೊಡನೆ ಮಾರಿದ ಪುಟ್ಟ ಎನ್‌ಇಎಸ್ ಒಳಗೆ ಕೆಲಸ ಮಾಡುತ್ತಿದ್ದುದೂ ಎಮ್ಯುಲೇಟರೇ.

ಈ ಅಳತೆಯಲ್ಲಿ ಎಕ್ಸ್‌ಬಾಕ್ಸ್ ತಯಾರಿಸುವ ಮೈಕ್ರೋಸಾಫ್ಟ್ ಮುಂದಿದೆ ಎಂದು ನಾನು ನಂಬುತ್ತೇನೆ. 2015ರಿಂದ ಅದು ಎಕ್ಸ್‌ಬಾಕ್ಸ್ 360ರ ನೂರಾರು ಆಟಗಳನ್ನು ಹೊಸ ಯಂತ್ರದಲ್ಲಿ ನಡೆಯುವಂತೆ ಮಾಡಿತು, ನಮ್ಮಲ್ಲಿದ್ದ ಹಳೆಯ ಡಿಸ್ಕನ್ನೇ ಒಪ್ಪಿಕೊಂಡಿತು. ಆದರೆ 2021ರಲ್ಲಿ ಹೊಸ ಸೇರ್ಪಡೆಯನ್ನು ನಿಲ್ಲಿಸಿತು. ಅದನ್ನು ಮತ್ತೆ ಆರಂಭಿಸಬೇಕು. ಸೆಲ್ ಎಂಬ ವಿಚಿತ್ರ ಪ್ರೊಸೆಸರಿನ ಕಾರಣದಿಂದ ಪ್ಲೇಸ್ಟೇಷನ್ 3ರ ಡಿಸ್ಕ್‌ಗಳು ಇಂದಿನ ಪ್ಲೇಸ್ಟೇಷನ್‌ನಲ್ಲಿ ನಡೆಯುವುದಿಲ್ಲ. ಕಷ್ಟದ ಕೆಲಸವೇ ಆದರೂ ಸೋನಿ ಅದನ್ನು ಕೈಗೆತ್ತಿಕೊಳ್ಳಬೇಕು. ನಿಂಟೆಂಡೊ 2023ರ ಮಾರ್ಚ್‌ನಲ್ಲಿ 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಮಾರಾಟವನ್ನು ಮುಚ್ಚಿತು, ಈಗ ತನ್ನ ಹಳೆಯ ಆಟಗಳನ್ನು ಬಹುಮಟ್ಟಿಗೆ ಚಂದಾದಾರರಿಗೆ ಮಾತ್ರ ಕೊಡುತ್ತಿದೆ. ಮೂವರಲ್ಲಿ ಅತಿ ಶ್ರೀಮಂತವಾದ ಭಂಡಾರ ಅದರದು. ಆ ಆಟಗಳನ್ನು ಹಿಂದಿನಂತೆ ಬಿಡಿಬಿಡಿಯಾಗಿ ಮಾರಬೇಕು, ಒಮ್ಮೆ ಕೊಂಡವರಿಗೆ ಮುಂದಿನ ಯಂತ್ರದಲ್ಲೂ ಅವು ದೊರೆಯಬೇಕು. ನಮಸ್ಕಾರ.