ಓಣಿಯ ಮೇಲಿನ ತಂತಿ

ಕೇಳುಗರೇ, ನಮಸ್ಕಾರ.

ಲೆಬನಾನಿನ ರಾಜಧಾನಿ ಬೈರೂತ್. ಊರಿನ ದಕ್ಷಿಣಕ್ಕೆ ಬುರ್ಜ್ ಅಲ್ ಬರಾಜ್ನೆ ಅನ್ನೋ ನಿರಾಶ್ರಿತರ ಶಿಬಿರವಿದೆ. ಶಿಬಿರ ಅಂದ ಕೂಡಲೇ ಡೇರೆ ನೆನಪಾಗುತ್ತೆ ಅಲ್ವಾ? ಡೇರೆಗಳು ಹೋಗಿ ಎಷ್ಟೋ ಕಾಲವಾಯಿತು. 1948ರಲ್ಲಿ, ಇಸ್ರೇಲ್ ಹುಟ್ಟಿದ ಹೊತ್ತಿನ ಯುದ್ಧದಲ್ಲಿ, ಈಗಿನ ಇಸ್ರೇಲಿನ ಉತ್ತರಕ್ಕಿರುವ ಗಲಿಲೀ ಕಡೆಯ ಹಳ್ಳಿಗಳಿಂದ ಓಡಿಬಂದ ಪ್ಯಾಲೆಸ್ತೀನಿಯರಿಗೆ ಅಂತ ಕೊಟ್ಟ ಜಾಗ ಅಷ್ಟೇ ಉಳಿಯಿತು, ಜನ ಮಾತ್ರ ಬೆಳೆದರು, ಹಾಗಾಗಿ ಮನೆಯ ಮೇಲೆ ಮನೆ ಕಟ್ಟುತ್ತಾ ಹೋದರು.

ಓಣಿಗಳು ಎಷ್ಟು ಕಿರಿದು ಅಂದ್ರೆ ಎದುರಿಗೆ ಒಬ್ಬರು ಬಂದರೆ ಪಕ್ಕಕ್ಕೆ ತಿರುಗಿ ಗೋಡೆಗೆ ಒತ್ತಿ ನಿಲ್ಲಬೇಕು. ತಲೆಯ ಮೇಲೆ ಕರೆಂಟಿನ ತಂತಿ, ನೀರಿನ ಪೈಪು ಎರಡೂ ಸಿಕ್ಕುಸಿಕ್ಕಾಗಿ ಜೋತಾಡುತ್ತವೆ. ಪೈಪು ಸೋರುತ್ತೆ, ತಂತಿ ನೆನೆಯುತ್ತೆ. ಶಾಕ್ ಹೊಡೆದು ಜನ ಸತ್ತಿದ್ದಾರೆ. ನಲ್ಲಿ ನೀರು ಉಪ್ಪು, ಕುಡಿಯೋದಕ್ಕೆ ದುಡ್ಡು ಕೊಟ್ಟು ತರಬೇಕು.

ಇದೇ ಶಿಬಿರದಲ್ಲಿ ಪ್ಯಾಲೆಸ್ತೀನ್ ರೆಡ್ ಕ್ರೆಸೆಂಟ್, ಅಂದ್ರೆ ರೆಡ್ ಕ್ರಾಸಿನಂಥ ನೆರವಿನ ಸಂಸ್ಥೆ, ನಡೆಸುವ ಒಂದು ಆಸ್ಪತ್ರೆ ಇದೆ. ಹೆಸರು ಹೈಫಾ. ಬಿಟ್ಟುಬಂದ ಊರಿನ ಹೆಸರು. ಅಲ್ಲಿ ಪ್ಯಾಲೆಸ್ತೀನಿ ಡಾಕ್ಟರುಗಳು ರೋಗಿಗಳನ್ನು ನೋಡುತ್ತಾರೆ. ಆದರೆ ಅದೇ ಡಾಕ್ಟರು ಶಿಬಿರದಾಚೆ ರಸ್ತೆ ಬದಿಯಲ್ಲಿ ಬೋರ್ಡು ಹಾಕಿಕೊಂಡು ಕೂರುವ ಹಾಗಿಲ್ಲ.

ಯಾಕೆ? ನಿಯಮ ಹೀಗಿದೆ: ವೈದ್ಯ ಸಂಘದಲ್ಲಿ ಹೆಸರು ಇರಬೇಕು, ಹೊರದೇಶದವರು ಸೇರಬೇಕು ಅಂದ್ರೆ ಅವರ ದೇಶವೂ ಲೆಬನಾನಿನವರಿಗೆ ಅದೇ ಅವಕಾಶ ಕೊಡಬೇಕು. ದೇಶವೇ ಕೈಯಲ್ಲಿಲ್ಲದವರು ಏನು ಕೊಡ್ತಾರೆ ಹೇಳಿ! ಇಂಜಿನಿಯರುಗಳಿಗೂ ಇದೇ ಕತೆ, ವಕೀಲರಂತೂ ಲೆಬನಾನಿನ ಪ್ರಜೆಯೇ ಆಗಿರಬೇಕು. ಅಪ್ಪನೂ ಅಲ್ಲೇ ಹುಟ್ಟಿದವನು, ಮಗನೂ ಅಲ್ಲೇ ಹುಟ್ಟಿದವನು, ಆದರೂ ಕಾನೂನಿನ ಕಣ್ಣಿಗೆ ಪರದೇಶಿ.

2010ರಲ್ಲಿ ಕಾನೂನನ್ನು ಸ್ವಲ್ಪ ಸಡಿಲ ಮಾಡಿದರು. ಕೆಲಸದ ಪರವಾನಗಿಗೆ ಶುಲ್ಕ ತೆಗೆದರು, ಕೆಲಸ ಬಿಡುವಾಗ ಬರುವ ಇಡುಗಂಟಿಗೆ ಹಕ್ಕು ಕೊಟ್ಟರು. ಕಾಯಿಲೆಗೆ, ಹೆರಿಗೆಗೆ ಮಾತ್ರ ಏನೂ ಇಲ್ಲ. ನನಗಂತೂ ಇದು ಅರ್ಧ ತೆರೆದ ಬಾಗಿಲಿನ ಹಾಗೆ ಕಾಣುತ್ತೆ.

ಲೆಬನಾನಿನ ಭಯವೂ ಸುಮ್ನೆ ಹುಟ್ಟಿದ್ದಲ್ಲ. ಅಲ್ಲಿ ಅಧಿಕಾರವನ್ನೇ ಮತ, ಪಂಗಡದ ಲೆಕ್ಕದಲ್ಲಿ ಹಂಚಿಕೊಂಡಿದ್ದಾರೆ. ಪ್ಯಾಲೆಸ್ತೀನಿಯರಲ್ಲಿ ಸುನ್ನಿ ಪಂಗಡದ ಮುಸ್ಲಿಮರೇ ಜಾಸ್ತಿ, ಅವರೆಲ್ಲ ಪ್ರಜೆಗಳಾದರೆ ಆ ತಕ್ಕಡಿ ವಾಲುತ್ತೆ ಅನ್ನೋ ಅಂಜಿಕೆ. ಸರಿ, ಪೌರತ್ವದ ಮಾತು ಬೇರೆ. ಡಾಕ್ಟರ್ ಕೆಲಸ ಮಾಡೋದಕ್ಕೂ ಓಟಿಗೂ ಏನು ಸಂಬಂಧ?

ಇನ್ನು ಮನೆಯ ವಿಷಯ. 2001ರ ಕಾನೂನು ಪ್ಯಾಲೆಸ್ತೀನಿಯರು ಆಸ್ತಿ ಕೊಳ್ಳುವ ಬಾಗಿಲನ್ನೇ ಮುಚ್ಚಿತು. ಹಾಗಾಗಿ ಶಿಬಿರದ ಹೊರಗೆ ಮನೆ ಬೇಕು ಅನ್ನುವವರು ದುಡ್ಡು ತಾವು ಕೊಟ್ಟು, ಪತ್ರವನ್ನು ಲೆಬನಾನಿನ ಯಾರೋ ಗೆಳೆಯನ ಹೆಸರಿಗೆ ಮಾಡಿಸುವುದುಂಟು. ಗೆಳೆಯ ಒಳ್ಳೆಯವನೇ ಇರಬಹುದು. ಅವನು ತೀರಿಕೊಂಡ ಮೇಲೆ ಅವನ ಮಕ್ಕಳು ಬಂದು ಇದು ನಮ್ಮಪ್ಪನ ಮನೆ, ಖಾಲಿ ಮಾಡಿ ಅಂದರೆ, ತೋರಿಸೋದಕ್ಕೆ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ.

ನಮಸ್ಕಾರ.