ಜಾಮ್ ಆದ ಹಳೇ ಕರಿ ಮಿಷನ್: ಸ್ಕ್ರೂ ಬಿಚ್ಚುವ ಮುಂಚೆ ನೋಡಬೇಕಾದ್ದು

ನಮಸ್ಕಾರ. ಮೇಜಿನ ಮೇಲಿರೋದು ಚಿನ್ನದ ಬಣ್ಣದ ಬಳ್ಳಿ ಚಿತ್ರ ಇರುವ ಹಳೇ ಕರಿ ಸಿಂಗರ್ ಹೊಲಿಗೆ ಮಿಷನ್. ಚಕ್ರ ತಿರುಗ್ತಿಲ್ಲ. "ಕೆಟ್ಟೋಗಿದೆ" ಅಂತ ತೂಕಕ್ಕೆ ಹಾಕುವ ಇಂಥ ಎಷ್ಟೋ ಮಿಷನ್‌ಗಳಲ್ಲಿ ಮುರಿದ ಭಾಗವೇ ಇರೋದಿಲ್ಲ. ಒಣಗಿ ಅಂಟಾದ ಎಣ್ಣೆ, ಒಳಗೆ ಸಿಕ್ಕಿಕೊಂಡ ದಾರ, ಅಷ್ಟೇ. ಅದಕ್ಕೇ ಸ್ಕ್ರೂ ಡ್ರೈವರ್ ಸದ್ಯಕ್ಕೆ ಪಕ್ಕಕ್ಕಿಡಿ.

ಮೊದಲು ಯಾವ ಮಾದರಿ ಅಂತ ಗುರುತು ಹಿಡಿಯೋಣ. ಬಾಬಿನ್, ಅಂದ್ರೆ ಕೆಳದಾರ ಸುತ್ತಿಡೋ ಪುಟ್ಟ ಉರುಳೆ, ಎಲ್ಲಿ ಕೂರುತ್ತೆ ನೋಡಿ. ದೋಣಿಯಂಥ ಉದ್ದ ಶಟಲ್ (ಮೇಲ್ದಾರ, ಕೆಳದಾರ ಸೇರಿಸೋ ಭಾಗ) ಇದ್ದರೆ 27, 28 ಅಥವಾ 127, 128. ಮೇಲಿಂದ ಬಾಬಿನ್ ಬಿಡೋ ಹಾಗಿದ್ದರೆ ಹೆಚ್ಚಾಗಿ 66. ಎಡಗಡೆ ಕೆಳಗೆ ಗುಂಡು ಬಾಬಿನ್ ಕೇಸ್ ಕೂರುತ್ತೆ, ದಾರದ ಬಿಗಿ ಹೊಂದಿಸೋ ಟೆನ್ಷನ್ ನಾಬ್ ಎಡತುದಿಯ ಫೇಸ್ ಪ್ಲೇಟ್ ಮೇಲೇ ಇದೆ ಅಂದ್ರೆ 15ನೇ ಕ್ಲಾಸ್, ಇವತ್ತು ನೋಡ್ತಿರೋದು ಅದೇ. ನಮ್ಮ ಮನೆಗಳಲ್ಲಿರೋ ಕರಿ ಉಷಾ ಮಿಷನ್ ಕೂಡ ಇದೇ ವಿನ್ಯಾಸದ್ದು. ಹಾಗಾಗಿ ಇವತ್ತು ಹೇಳೋದೆಲ್ಲ ಅದಕ್ಕೂ ಸಲ್ಲುತ್ತೆ. ಲೂಧಿಯಾನಾದಲ್ಲಿ ಈಗಲೂ ಈ ಭಾಗಗಳು ತಯಾರಾಗ್ತವೆ, ಬಿಡಿಭಾಗಕ್ಕೆ ಪರದಾಡಬೇಕಿಲ್ಲ.

ಸಿಂಗರ್ ಆದರೆ ಬಲಗಡೆ ಕಂಬದ ಬುಡದಲ್ಲಿ ಸೀರಿಯಲ್ ನಂಬರ್ ಇರುತ್ತೆ. ವೈ ಅಕ್ಷರದಿಂದ ಶುರುವಾದರೆ 1920ರ ದಶಕ ಅಥವಾ 1930ರ ದಶಕದ ಮೊದಲರ್ಧದ್ದು. ಇಎ, ಇಬಿ, ಇಸಿ ಥರ ಎರಡಕ್ಷರ ಇದ್ದರೆ 1935ರಿಂದ ಈಚಿನದು. ಇವೆಲ್ಲ ಸ್ಕಾಟ್ಲೆಂಡ್‌ನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯವು, ಅದು 1980ರಲ್ಲಿ ಮುಚ್ಚಿತು.

ಈಗ ಜಾಮ್ ಎಲ್ಲಿದೆ ಅಂತ ಪತ್ತೆ ಮಾಡೋಣ. ಬೆಲ್ಟ್ ತೆಗೆಯಿರಿ. ಚಕ್ರದ ಮಧ್ಯದಲ್ಲಿರೋ ಗುಂಡು ನಾಬನ್ನ, ಅಂದ್ರೆ ಬಾಬಿನ್ ಸುತ್ತುವಾಗ ಸಡಿಲ ಮಾಡ್ತೀವಲ್ಲ ಅದನ್ನ, ಸಡಿಲಿಸಿ. ಚಕ್ರ ಮಾತ್ರ ಸಲೀಸಾಗಿ ತಿರುಗಿ ಸೂಜಿ ಅಲ್ಲಾಡಲಿಲ್ಲ ಅಂದ್ರೆ ಬಿಗಿತ ಮಿಷನ್ ಒಳಗಿದೆ. ಚಕ್ರವೇ ತಿರುಗಲಿಲ್ಲ ಅಂದ್ರೆ ಅಂಟು ಚಕ್ರದ ಬುಷ್‌ನಲ್ಲಿ, ಅಂದ್ರೆ ಚಕ್ರ ತಿರುಗೋ ನಡುತೂತಿನಲ್ಲಿ. ಈ ಒಂದು ಪರೀಕ್ಷೆಯಿಂದ ಅರ್ಧ ದಿನದ ಕೆಲಸ ಉಳಿಯುತ್ತೆ.

ಒಳಗಿನ ಬಿಗಿತಕ್ಕೆ ಹೆಚ್ಚಾಗಿ ಶಟಲ್ ಕಾರಣ. ಸೂಜಿ ಪೂರ್ತಿ ಮೇಲಿರಲಿ. ಬಾಬಿನ್ ಕೇಸ್ ತೆಗೆದು, ಶಟಲ್ ಹಿಡಿದಿರೋ ರಿಂಗ್ ಬಿಚ್ಚಿ. ಕೆಲವದರಲ್ಲಿ ಎರಡು ಕ್ಲಿಪ್, ಕೆಲವದರಲ್ಲಿ ಸ್ಕ್ರೂ. ಶಟಲ್ ಓಡೋ ದಾರಿಯಲ್ಲಿ ಕೂದಲೆಳೆಯಷ್ಟು ದಾರದ ತುಂಡು ಇದ್ದರೂ ಸಾಕು, ಮಿಷನ್ ನಿಂತುಬಿಡುತ್ತೆ. ಚಿಮುಟದಿಂದ ಎಳೆದು ತೆಗೆದು, ಹಳೇ ಟೂತ್‌ಬ್ರಶ್‌ನಿಂದ ಉಜ್ಜಿ. ಸೂಜಿ ಪ್ಲೇಟ್ ಬಿಚ್ಚಿದರೆ ಬಟ್ಟೆ ಸರಿಸೋ ಹಲ್ಲುಗಳ ಮಧ್ಯೆ ಗಟ್ಟಿಯಾಗಿ ಕೂತ ಬಟ್ಟೆಜೂಲು ಕಾಣುತ್ತೆ, ಅದೂ ಹೋಗಬೇಕು.

ಆಮೇಲೆ ಎಣ್ಣೆ ತೂತುಗಳಿಗೆ, ಸೂಜಿ ಕಂಬಿಗೆ, ಕೆಳಗಡೆ ಲೋಹಕ್ಕೆ ಲೋಹ ತಾಗೋ ಪ್ರತಿ ಜಾಗಕ್ಕೆ ಎರಡೆರಡು ಹನಿ ಸೀಮೆಎಣ್ಣೆ. ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಚಕ್ರವನ್ನ ಕೈಯಲ್ಲೇ ಹಿಂದೆ ಮುಂದೆ ಆಡಿಸಿ. ಪಕ್ಕಡ್ ಹಾಕಿ ತಿರುಗಿಸಬೇಡಿ ದಯವಿಟ್ಟು. ಬಿಟ್ಟುಕೊಂಡ ಮೇಲೆ ದಾರ ಹಾಕದೆ ಹತ್ತು ನಿಮಿಷ ಓಡಿಸಿ, ಹೊರಬರೋ ಕಂದು ಕೊಳೆ ಒರೆಸಿ, ತೆಳು ಮಿಷನ್ ಎಣ್ಣೆ ಹಾಕಿ. ಸೀಮೆಎಣ್ಣೆ ತೊಳೆಯುತ್ತೆ ಅಷ್ಟೇ, ಸವೆತ ತಡೆಯಲ್ಲ. ಕೊಬ್ಬರಿ ಎಣ್ಣೆ ಮಾತ್ರ ಬೇಡ, ಅಂಟಾಗಿ ಮಿಷನ್ ಕೂತುಹೋಗೋದೇ ಅಂಥ ಎಣ್ಣೆಯಿಂದ.

ಹೊರಗಿನ ಚಿತ್ರಕ್ಕೆ ಸ್ಪಿರಿಟ್, ಥಿನ್ನರ್, ಸ್ಯಾನಿಟೈಸರ್ ಮುಟ್ಟಿಸಬೇಡಿ. ಹಳೇ ಸಿಂಗರ್ ಮೇಲಿರೋದು ಅರಗಿನ ವಾರ್ನಿಷ್, ಸ್ಪಿರಿಟ್‌ಗೆ ಕರಗಿ ಬಳ್ಳಿಯೂ ಜೊತೆಗೇ ಎದ್ದುಬರುತ್ತೆ. ಹತ್ತಿಗೆ ಮಿಷನ್ ಎಣ್ಣೆ ಅದ್ದಿ ಮೆಲ್ಲಗೆ ಒರೆಸಿದರೆ ಸಾಕು.

ಚಕ್ರದ ನಾಬ್ ಬಿಚ್ಚಿ ತೊಳೆದು ವಾಪಸ್ ಹಾಕಿದಿರಿ, ಈಗ ಎಷ್ಟು ಬಿಗಿ ಮಾಡಿದರೂ ಸೂಜಿ ಆಡ್ತಿಲ್ವಾ? ಒಳಗಿನ ಕಿವಿ ಇರೋ ವಾಷರ್ ತೆಗೆದು ಅರ್ಧ ಸುತ್ತು ತಿರುಗಿಸಿ ಹಾಕಿ, ಸರಿಹೋಗುತ್ತೆ.

ಇನ್ನು ಹೊಲಿಗೆ. ಹೊಸ ಸೂಜಿ ಹಾಕಿ, ಅಂಗಡಿಯಲ್ಲಿ ಎಚ್‌ಎ ಇಂಟು ಒಂದು (HAx1) ಅನ್ನೋ ಥರದ್ದು ಕೇಳಿ. ತೆಳು ವಾಯಿಲ್‌ಗೆ 11 ನಂಬರ್ ಸೂಜಿ, ಪಾಪ್ಲಿನ್‌ಗೆ 14, ದಪ್ಪ ಹತ್ತಿಗೆ 16, ಜೀನ್ಸ್‌ಗೆ 18. ಈ ಮಾದರಿಯಲ್ಲಿ ಸೂಜಿಯ ಚಪ್ಪಟೆ ಮೈ ಬಲಕ್ಕೆ, ದಾರ ಎಡದಿಂದ ಬಲಕ್ಕೆ. 66ಕ್ಕೆ ರೂಢಿಯಾದವರು ಇಲ್ಲೇ ಎಡವೋದು. ಸೂಜಿ ತಿರುಗಮುರುಗ ಆದರೆ, ಪೂರ್ತಿ ಮೇಲೆ ಹೋಗದಿದ್ದರೆ ಹೊಲಿಗೆ ಬಿಟ್ಟುಬಿಟ್ಟು ಬೀಳುತ್ತೆ.

ಪರೀಕ್ಷೆಗೆ ಮೇಲೆ ಕೆಂಪು ದಾರ, ಬಾಬಿನ್‌ಗೆ ಬಿಳಿ ದಾರ, ಎರಡು ಪದರ ಪಾಪ್ಲಿನ್. ಚಕ್ರದ ಮೇಲ್ತುದಿ ನಿಮ್ಮ ಕಡೆಗೇ ಬರಬೇಕು, ಹಿಂದಕ್ಕೆ ತುಳಿದರೆ ದಾರ ಸಿಕ್ಕಾಗುತ್ತೆ. ಬಟ್ಟೆಯ ಅಡಿಯಲ್ಲಿ ಕೆಂಪು ದಾರ ಗುಂಗುರು ಗುಂಗುರಾಗಿ ಬಿದ್ದರೆ ಬಹಳ ಜನ ಬಾಬಿನ್ ಕೇಸ್ ತಿರುಪಿಗೆ ಕೈ ಹಾಕ್ತಾರೆ. ಆದರೆ ತಪ್ಪಿರೋದು ಮೇಲೆ. ಬಟ್ಟೆ ಒತ್ತಿ ಹಿಡಿಯೋ ಪಾದ ಇಳಿದಿದೆಯಾ, ದಾರ ಟೆನ್ಷನ್ ನಾಬ್‌ನ ಎರಡು ತಟ್ಟೆಗಳ ಮಧ್ಯೆ ಕೂತಿದೆಯಾ, ಪಕ್ಕದ ಸಣ್ಣ ತಂತಿ ಸ್ಪ್ರಿಂಗ್ ಪುಟಿಯುತ್ತಾ ನೋಡಿ. ತಟ್ಟೆಗಳ ಮಧ್ಯೆ ತುಕ್ಕು ಅಥವಾ ಜೂಲು ಇದ್ದರೆ ನಾಬ್ ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ಬಾಬಿನ್ ಕೇಸ್‌ನ ದಾರ ಹಿಡಿದು ನೇತುಹಾಕಿ: ಸುಮ್ಮನೆ ನಿಲ್ಲಬೇಕು, ಸಣ್ಣಗೆ ಜಗ್ಗಿದರೆ ಒಂದೆರಡು ಇಂಚು ಇಳಿಯಬೇಕು. ಹಾಗಿದ್ದರೆ ಆ ತಿರುಪನ್ನ ಮುಟ್ಟಲೇಬೇಡಿ.

ಹೊಸ ಬಾಬಿನ್ ಕೇಸ್ ಕೊಳ್ಳೋದಾದರೆ ಹಳೇದನ್ನ ಅಂಗಡಿಗೆ ತಗೊಂಡುಹೋಗಿ. ಅದರ ಬೆರಳಿನಂಥ ಚಾಚು ಒಂದು ಥರದಲ್ಲಿ ಗಡಿಯಾರದ 11 ಗಂಟೆ ಕಡೆ, ಇನ್ನೊಂದರಲ್ಲಿ 1 ಗಂಟೆ ಕಡೆ ಇರುತ್ತೆ. ತಪ್ಪು ತಂದರೆ ಕೂರೋದೇ ಇಲ್ಲ.

ಕೊನೆಗೆ ಬೆಲ್ಟ್. ಹೊಸ ಚರ್ಮದ ಬೆಲ್ಟನ್ನ ಚಕ್ರ ಜಾರದಷ್ಟು ಮಾತ್ರ ಬಿಗಿಯಾಗಿ ಅಳೆದು ಕತ್ತರಿಸಿ. ಅತಿ ಬಿಗಿಯಾದರೆ ತುಳಿಯೋಕೆ ಭಾರ. ಚರ್ಮ ದಿನ ಕಳೆದ ಹಾಗೆ ಹಿಗ್ಗುತ್ತೆ, ಆಗ ಕ್ಲಿಪ್ ಬಿಚ್ಚಿ ಅರ್ಧ ಇಂಚು ಕತ್ತರಿಸಿ ಮತ್ತೆ ಸೇರಿಸಿ.